ಸರಳರೇಖೆಯನ್ನು ಓದುವ ಬಗೆ: ಶಾಲೆಯ ಚೌಕಳಿ ಕಾಗದದಿಂದ ಮನೆಯ ಔಷಧದ ಬಾಟಲಿಯವರೆಗೆ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳು ಒಂಬತ್ತು, ಹತ್ತನೆಯ ತರಗತಿಗಳಿಗೆ ಬರುವ ಹೊತ್ತಿಗೆ ವಿಜ್ಞಾನದ ಪುಸ್ತಕದಲ್ಲಿ ಚೌಕಳಿ ಕಾಗದದ ಮೇಲೆ ಎಳೆದ ಓರೆಗೆರೆಗಳು ಕಾಣಿಸಿಕೊಳ್ಳತೊಡಗುತ್ತವೆ. ಮಗು ಅದನ್ನು ತಂದೆಯ ಮುಂದೆ ಹಿಡಿದಾಗ, ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಓದಿದ ತಂದೆ “ಅಮ್ಮನನ್ನು ಕೇಳು” ಎನ್ನುವುದೂ, ತಾಯಿ “ನಿನ್ನ ಟ್ಯೂಷನ್ ಮೇಷ್ಟ್ರನ್ನೇ ಕೇಳು” ಎನ್ನುವುದೂ ಅನೇಕ ಮನೆಗಳಲ್ಲಿ ನಡೆಯುವ ಮಾತು. ಬ್ಯಾಂಕಿನ ಖಾತೆ ಪುಸ್ತಕಗಳ ನಡುವೆ ವರ್ಷಗಳನ್ನು ಕಳೆಯುತ್ತಿರುವ ವಾಣಿಜ್ಯ ಪದವೀಧರನೊಬ್ಬನು ವಿಜ್ಞಾನದ ಪಾಠವನ್ನು ಬರೆಯಹೊರಟಿರುವುದು ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಸರಳರೇಖೆಯ ವಿಷಯದಲ್ಲಿ ಲೆಕ್ಕಿಗನಿಗೂ ಪ್ರಯೋಗಶಾಲೆಯವನಿಗೂ ಹೇಳಿಕೊಳ್ಳುವಷ್ಟು ಅಂತರವಿಲ್ಲ. ಅಂಕಿಅಂಶಗಳನ್ನು ಗೆರೆಗಳಾಗಿ ಬರೆದು ಓದುಗರ ಮುಂದಿಡುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಪ್ರಮುಖನಾದ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು 1786ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಿತ್ರಿಸಿದ್ದು ಇಂಗ್ಲೆಂಡಿನ ಆಮದು ರಫ್ತುಗಳನ್ನೇ. ಅದಕ್ಕೆ ಮುನ್ನ ಅವನು ಉಗಿಯಂತ್ರದ ಜೇಮ್ಸ್ ವಾಟ್‌ನ ಬಳಿ ನಕಾಶೆಗಾರನಾಗಿ ದುಡಿದಿದ್ದನು.

ಮೊದಲು ಹೆಸರಿನ ಗೊಂದಲವೊಂದನ್ನು ಪರಿಹರಿಸಿಕೊಳ್ಳೋಣ. ಕನ್ನಡ ಪಠ್ಯಪುಸ್ತಕಗಳು ಇಂಥ ಚಿತ್ರವನ್ನು ‘ನಕ್ಷೆ’ ಎನ್ನುತ್ತವೆ. ಮುಂಬಯಿ, ಪುಣೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ನಕ್ಷೆ ಎಂದೊಡನೆ ಭೂಪಟದ ನೆನಪಾಗುತ್ತದೆ. ಮರಾಠಿ ಪುಸ್ತಕದಲ್ಲಿ ಇದಕ್ಕಿರುವ ಹೆಸರು ‘ಆಲೇಖ’. ಇಂಗ್ಲಿಷ್ ಮಾಧ್ಯಮದವರಿಗೆ ಗ್ರಾಫ್. ಈ ಲೇಖನದಲ್ಲಿ ಆಲೇಖವೆಂಬ ಮಾತನ್ನೇ ಬಳಸುತ್ತೇನೆ. ನಮ್ಮ ಭಾಷೆಗೂ ಅದು ಹೊರಗಿನದಲ್ಲ.

ಚಿತ್ರವಲ್ಲ, ಸಂಬಂಧ

ಆಲೇಖವನ್ನು ಕುರಿತು ಮಕ್ಕಳು ಮಾಡುವ ತಪ್ಪುಗಳಲ್ಲಿ ತೀರ ಸಾಮಾನ್ಯವಾದುದು ಅದನ್ನು ದೃಶ್ಯದ ಚಿತ್ರವೆಂದು ಭಾವಿಸುವುದು. ದೂರ ಮತ್ತು ಕಾಲಗಳ ಆಲೇಖದಲ್ಲಿ ರೇಖೆ ಮೇಲಕ್ಕೇರಿದರೆ ಗಾಡಿ ಗುಡ್ಡ ಹತ್ತುತ್ತಿದೆಯೆಂದೂ, ಸಮತಲವಾಗಿದ್ದರೆ ಬಯಲಿನಲ್ಲಿ ಓಡುತ್ತಿದೆಯೆಂದೂ ಅನೇಕ ಮಕ್ಕಳು ಹೇಳುತ್ತಾರೆ. ವಾಸ್ತವದಲ್ಲಿ ಸಮತಲರೇಖೆಯೆಂದರೆ ಗಾಡಿ ನಿಂತಿದೆ ಎಂದರ್ಥ. ಕಾಲ ಸರಿಯುತ್ತಿದೆ, ದೂರ ಮಾತ್ರ ಹೆಚ್ಚುತ್ತಿಲ್ಲ.

ಮುಂಬಯಿಯಿಂದ ಪುಣೆ, ಸೊಲ್ಲಾಪುರಗಳ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮಲ್ಲಿ ಬಹುಮಂದಿಗೆ ಪರಿಚಿತವಾದ ಗಾಡಿ. ಮುಂಬಯಿಯಿಂದ ಸುಮಾರು 100 ಕಿಲೋಮೀಟರು ದೂರದ ಕರ್ಜತ್‌ನಲ್ಲಿ ಗಾಡಿಯ ಹಿಂಬದಿಗೆ ಹೆಚ್ಚುವರಿ ಎಂಜಿನುಗಳನ್ನು ಜೋಡಿಸಿ, ಅವು ತಳ್ಳುತ್ತಿರಲು ಭೋರ್ ಘಾಟಿಯನ್ನು ಹತ್ತಿಸುತ್ತಾರೆ. (ಈ ಎಂಜಿನುಗಳನ್ನು ರೈಲ್ವೆಯವರು ‘ಬ್ಯಾಂಕರ್’ ಎಂದು ಕರೆಯುತ್ತಾರೆ. ನಮ್ಮ ವೃತ್ತಿಗೂ ಅವಕ್ಕೂ ಸಂಬಂಧವಿಲ್ಲ, ಹಿಂದಿನಿಂದ ತಳ್ಳುವ ಕೆಲಸವೊಂದನ್ನು ಬಿಟ್ಟರೆ.) ಘಾಟಿಯ ಏರು ಕೆಲವೆಡೆ 37 ಅಡಿಗೆ ಒಂದು ಅಡಿಯಷ್ಟು ಕಡಿದಾಗಿದೆ. ಹೀಗಾಗಿ ಗಾಡಿ ನಿಧಾನವಾಗುತ್ತದೆ; ಅಂದರೆ ಅದೇ ಒಂದು ನಿಮಿಷದಲ್ಲಿ ಮೊದಲಿಗಿಂತ ಕಡಿಮೆ ದೂರ ಸಾಗುತ್ತದೆ. ಆಲೇಖದ ರೇಖೆಗೆ ಏನಾಗುತ್ತದೆ? ಅದು ಕಡಿದಾಗುವ ಬದಲು ಮಲಗಲಾರಂಭಿಸುತ್ತದೆ! ಗುಡ್ಡ ಎದ್ದು ನಿಂತ ಕಡೆ ರೇಖೆ ಮಲಗುತ್ತದೆ. ಈ ಒಂದು ಉದಾಹರಣೆಯನ್ನು ಮಗು ಸರಿಯಾಗಿ ಗ್ರಹಿಸಿದರೆ ಅರ್ಧ ಪಾಠ ಮುಗಿದಂತೆ. ಆಲೇಖವು ತೋರುವುದು ಎರಡು ಪರಿಮಾಣಗಳ ನಡುವಣ ಸಂಬಂಧವನ್ನು. ಒಂದು ಇಷ್ಟು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬುದನ್ನು.

ಈ ‘ಎಷ್ಟಕ್ಕೆ ಎಷ್ಟು’ ಎಂಬುದಕ್ಕೆ ಪುಸ್ತಕಗಳಲ್ಲಿ ‘ಇಳಿಜಾರು’ ಎಂಬ ಹೆಸರಿದೆ. ಏರುವ ರೇಖೆಗೂ ಇಳಿಜಾರೆಂದೇ ಹೆಸರು. ಇದು ಮಕ್ಕಳಿಗೆ ವಿಚಿತ್ರವಾಗಿ ತೋರುವುದು ಸಹಜವಾದುದರಿಂದ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಇಳಿಜಾರು ಎಲ್ಲ ಕಡೆಯೂ ಒಂದೇ ಆಗಿದ್ದರೆ ಮಾತ್ರ ರೇಖೆ ಸರಳವಾಗಿರುತ್ತದೆ. ಸರಳರೇಖೆಯ ಗುಟ್ಟು ಇಷ್ಟೇ.

ಸ್ಪ್ರಿಂಗಿನ ಪ್ರಯೋಗ

ಶಾಲೆಯ ಪ್ರಯೋಗಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದುದು ಸ್ಪ್ರಿಂಗಿಗೆ ತೂಕ ಕಟ್ಟುವ ಪ್ರಯೋಗ. ಖರ್ಚಿಲ್ಲ, ಅಪಾಯವಿಲ್ಲ, ಮತ್ತು ಸರಳರೇಖೆಯ ಎಲ್ಲ ಗುಣದೋಷಗಳೂ ಅದರಲ್ಲಿ ಅಡಗಿವೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಈ ನಿಯಮವನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚುಹಾಕಿಸಿ, 1678ರಲ್ಲಿ ಅದರ ಅರ್ಥವನ್ನು ಬಿಡಿಸಿದನು. ಎಳೆಯುವ ಬಲ ಎಷ್ಟು ಪಾಲು ಹೆಚ್ಚುವುದೋ ಸ್ಪ್ರಿಂಗಿನ ಹಿಗ್ಗುವಿಕೆಯೂ ಅಷ್ಟೇ ಪಾಲು ಹೆಚ್ಚುವುದು ಎಂಬುದು ಅದರ ತಾತ್ಪರ್ಯ.

ಒಂದು ಸ್ಪ್ರಿಂಗನ್ನು ಮೊಳೆಗೆ ತೂಗುಹಾಕಿ, ಏನನ್ನೂ ಕಟ್ಟದೆ ಅಳೆದಾಗ 12 ಸೆಂಟಿಮೀಟರು ಉದ್ದವಿತ್ತೆಂದು ಇಟ್ಟುಕೊಳ್ಳೋಣ. 100 ಗ್ರಾಂ ಕಟ್ಟಿದಾಗ 14.1, 200ಕ್ಕೆ 15.9, 300ಕ್ಕೆ 18.0, 400ಕ್ಕೆ 20.1, 500ಕ್ಕೆ 22.0 ಸೆಂಟಿಮೀಟರು. ಅಡ್ಡ ಅಕ್ಷದ ಮೇಲೆ ತೂಕ, ಲಂಬ ಅಕ್ಷದ ಮೇಲೆ ಉದ್ದ. ಬದಲಿಸುವವರು ನಾವಾದ ಪರಿಮಾಣ ಅಡ್ಡಲಾಗಿ, ಅದರ ಫಲವಾಗಿ ತಾನೇ ಬದಲಾಗುವ ಪರಿಮಾಣ ಲಂಬವಾಗಿ ಎಂಬುದು ರೂಢಿ.

ಬಿಂದುಗಳನ್ನು ಗುರುತಿಸಿದ ಮೇಲೆ ಮಕ್ಕಳು ಸಾಮಾನ್ಯವಾಗಿ ಒಂದರಿಂದ ಒಂದಕ್ಕೆ ಗೆರೆ ಎಳೆದು, ಮುರಿದ ಹಲ್ಲಿನಂತಹ ಸಾಲೊಂದನ್ನು ಮಾಡುತ್ತಾರೆ. ಹಾಗೆ ಮಾಡಬಾರದು. 14.1 ಎಂಬಲ್ಲಿನ ಆ ಕೊನೆಯ ಒಂದು ಅಳತೆಪಟ್ಟಿಯನ್ನು ಓದಿದ ಕಣ್ಣಿನದು, ಸ್ಪ್ರಿಂಗಿನದಲ್ಲ. ಪಾರದರ್ಶಕ ಅಳತೆಪಟ್ಟಿಯೊಂದನ್ನು ಬಿಂದುಗಳ ಮೇಲಿಟ್ಟು, ಮೇಲೆ ಉಳಿದವೂ ಕೆಳಗೆ ಉಳಿದವೂ ಸರಿಸುಮಾರು ಸಮತೂಕವಾಗುವಂತೆ ಒಂದೇ ಗೆರೆಯನ್ನು ಎಳೆಯಬೇಕು. ಯಾವುದಾದರೂ ಒಂದು ಬಿಂದು ಬಹುದೂರ ಉಳಿದರೆ ಅದನ್ನು ಅಳಿಸದೆ, ಆ ಅಳತೆಯನ್ನು ಇನ್ನೊಮ್ಮೆ ತೆಗೆಯಬೇಕು. ತಾಳೆಯಾಗದ ಬಾಬತ್ತನ್ನು ಅಳಿಸಿ ಪಟ್ಟಿಯನ್ನು ಸರಿತೂಗಿಸುವವನನ್ನು ಬ್ಯಾಂಕಿನಲ್ಲಿ ಏನೆನ್ನುತ್ತಾರೆಂಬುದನ್ನು ಇಲ್ಲಿ ಬರೆಯುವುದು ಬೇಡ.

ಈಗ ರೇಖೆಯನ್ನು ಓದೋಣ. ತೂಕ 500 ಗ್ರಾಂ ಹೆಚ್ಚಿದಾಗ ಉದ್ದ 10 ಸೆಂಟಿಮೀಟರು ಹೆಚ್ಚಿದೆ. ಪ್ರತಿ 100 ಗ್ರಾಮಿಗೆ 2 ಸೆಂಟಿಮೀಟರು. ಇದೇ ಇಳಿಜಾರು. ಅದನ್ನು ಬರಿಯ ಸಂಖ್ಯೆಯಾಗಿ ‘2’ ಎಂದು ಬರೆದರೆ ಅರ್ಥವಿಲ್ಲ. ‘100 ಗ್ರಾಮಿಗೆ 2 ಸೆಂಟಿಮೀಟರು’ ಎಂದರೆ ಮಾತ್ರ ಅದು ಸ್ಪ್ರಿಂಗಿನ ಸ್ವಭಾವವನ್ನು ಹೇಳುತ್ತದೆ. ಬಡ್ಡಿಯ ದರವನ್ನು ಎಂಟು ಎಂದಷ್ಟೇ ಹೇಳಿ, ನೂರಕ್ಕೋ ಸಾವಿರಕ್ಕೋ, ತಿಂಗಳಿಗೋ ವರ್ಷಕ್ಕೋ ಎಂಬುದನ್ನು ಹೇಳದಿದ್ದರೆ ಸಾಲಗಾರನ ಗತಿಯೇನು?

ರೇಖೆ ಲಂಬ ಅಕ್ಷವನ್ನು ಸಂಧಿಸುವುದು ಸೊನ್ನೆಯಲ್ಲಿ ಅಲ್ಲ, 12ರಲ್ಲಿ. ಇದು ಸ್ಪ್ರಿಂಗಿನ ಸಹಜವಾದ ಉದ್ದ. ಲೆಕ್ಕದ ಭಾಷೆಯಲ್ಲಿ ಆರಂಭ ಶಿಲ್ಕು. ಇಲ್ಲಿಯೇ ಎರಡನೆಯ ದೊಡ್ಡ ತಪ್ಪು ನಡೆಯುವುದು. ಸರಳರೇಖೆ ಬಂದಿತೆಂದರೆ ‘ನೇರ ಅನುಪಾತ’ ಎಂದು ಬರೆದುಬಿಡುತ್ತಾರೆ. ಅಥವಾ ರೇಖೆಯನ್ನು ಬಲವಂತವಾಗಿ ಬಗ್ಗಿಸಿ ಮೂಲಬಿಂದುವಿಗೆ ತಂದು ಮುಟ್ಟಿಸುತ್ತಾರೆ. ತೂಕ 200ರಿಂದ 400ಕ್ಕೆ ಎರಡರಷ್ಟಾದಾಗ ಉದ್ದ 16ರಿಂದ 32 ಆಗಲಿಲ್ಲ, 20 ಮಾತ್ರ ಆಯಿತು. ಆದಕಾರಣ ಉದ್ದವು ತೂಕಕ್ಕೆ ನೇರ ಅನುಪಾತದಲ್ಲಿಲ್ಲ. ಆದರೆ ಒಟ್ಟು ಉದ್ದದಿಂದ 12ನ್ನು ಕಳೆದು, ಹಿಗ್ಗಿದ ಭಾಗವನ್ನು ಮಾತ್ರ ಗುರುತಿಸಿದರೆ ರೇಖೆ ಮೂಲಬಿಂದುವಿನಿಂದಲೇ ಹೊರಡುತ್ತದೆ. ಆಗ ಎರಡರಷ್ಟಕ್ಕೆ ಎರಡರಷ್ಟು. ನೇರ ಅನುಪಾತವಿರುವಲ್ಲಿ ಸರಳರೇಖೆ ಇದ್ದೇ ಇರುತ್ತದೆ, ಸರಳರೇಖೆ ಇರುವಲ್ಲೆಲ್ಲ ನೇರ ಅನುಪಾತ ಇರುವುದಿಲ್ಲ. ವಾಣಿಜ್ಯ ಓದಿದವರಿಗೆ ಸ್ಥಿರ ವೆಚ್ಚ, ಚರ ವೆಚ್ಚಗಳ ಲೆಕ್ಕ ನೆನಪಿದ್ದರೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ: ಕಾರ್ಖಾನೆ ಒಂದು ವಸ್ತುವನ್ನೂ ಮಾಡದಿದ್ದರೂ ಕಟ್ಟಡದ ಬಾಡಿಗೆಯನ್ನು ಕೊಡಲೇಬೇಕು.

ಇನ್ನು ತೂಕವನ್ನು ಏರಿಸುತ್ತಲೇ ಹೋದರೆ? 600 ಗ್ರಾಮಿಗೆ 24.0 ಬರಬಹುದು, 700ಕ್ಕೆ 26ರ ಬದಲು 27.1 ಬಂದೀತು. ರೇಖೆ ಬಾಗತೊಡಗಿತು. ಸ್ಪ್ರಿಂಗಿನ ಸ್ಥಿತಿಸ್ಥಾಪಕತೆಯ ಮೇರೆ ಮೀರಿದೆ. ತೂಕವನ್ನು ತೆಗೆದರೂ ಅದು ಮತ್ತೆ 12ಕ್ಕೆ ಮರಳಲಾರದು. ಹುಕ್‌ನ ನಿಯಮ ಸುಳ್ಳಾಗಲಿಲ್ಲ, ಅದರ ಅಧಿಕಾರವ್ಯಾಪ್ತಿ ಮುಗಿಯಿತು. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ವಿದ್ಯುತ್ತಿನ ನಿಯಮದ ಕಥೆಯೂ ಇದೇ. ತಂತಿಯ ಉಷ್ಣತೆ ಬದಲಾಗದಿದ್ದರೆ ವಿಭವಾಂತರ ಮತ್ತು ವಿದ್ಯುತ್ ಪ್ರವಾಹಗಳ ಆಲೇಖ ಮೂಲಬಿಂದುವಿನಿಂದ ಹೊರಟ ಸರಳರೇಖೆ; ಹಳೆಯ ಮಾದರಿಯ ಬಲ್ಬಿನ ಟಂಗ್‌ಸ್ಟನ್ ತಂತಿ ಕಾದು ಬೆಳಗುವಾಗ ಅದರ ರೋಧ ತಣ್ಣಗಿದ್ದಾಗಿನದಕ್ಕಿಂತ ಹತ್ತುಪಟ್ಟಿಗೂ ಹೆಚ್ಚಾಗುವುದರಿಂದ ಅಲ್ಲಿ ರೇಖೆ ಬಾಗುತ್ತದೆ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಒಂದು ಸೂಚನೆ: ವಿಭವಾಂತರ ಲಂಬ ಅಕ್ಷದಲ್ಲಿದ್ದರೆ ಮಾತ್ರ ಇಳಿಜಾರು ರೋಧವನ್ನು ಕೊಡುತ್ತದೆ. ಅಕ್ಷಗಳನ್ನು ಅದಲುಬದಲು ಮಾಡಿದ್ದರೆ ಹೆಚ್ಚು ಕಡಿದಾದ ರೇಖೆಯೇ ಕಡಿಮೆ ರೋಧದ್ದು. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಈ ಅದಲುಬದಲು ಬಹಳ ಪ್ರಿಯವಾದುದು.

ಜ್ವರಮಾಪಕದ 32

ನಮ್ಮ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳೂ ಇರುವುದರಿಂದ ಆ ದಿಕ್ಕಿಗೆ ತಿರುಗುವುದು ಉಚಿತ. ಮನೆಯ ಹಿರಿಯರು ಜ್ವರವನ್ನು ಫ್ಯಾರನ್‌ಹೀಟಿನಲ್ಲಿ ಹೇಳುತ್ತಾರೆ, ಮಕ್ಕಳ ಪುಸ್ತಕ ಸೆಲ್ಸಿಯಸ್ಸಿನಲ್ಲಿ. ಸೆಲ್ಸಿಯಸ್ಸನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿದರೆ ಫ್ಯಾರನ್‌ಹೀಟ್. 37 ಡಿಗ್ರಿಗೆ 98.6, 38ಕ್ಕೆ 100.4, 40ಕ್ಕೆ 104. ಆಲೇಖ ಬರೆದರೆ ಶುದ್ಧವಾದ ಸರಳರೇಖೆ, ಇಳಿಜಾರು 1.8, ಆರಂಭ ಶಿಲ್ಕು 32. ಆದರೆ ನೇರ ಅನುಪಾತವಲ್ಲ. 20 ಡಿಗ್ರಿ ಸೆಲ್ಸಿಯಸ್ಸೆಂದರೆ 68 ಫ್ಯಾರನ್‌ಹೀಟ್; ಅದರ ಎರಡರಷ್ಟಾದ 40 ಎಂದರೆ 136 ಅಲ್ಲ, 104. ಇನ್ನೊಂದು ಸೂಕ್ಷ್ಮ: ಜ್ವರ 39ರಿಂದ 38ಕ್ಕೆ ಇಳಿಯಿತೆಂದರೆ ಫ್ಯಾರನ್‌ಹೀಟಿನಲ್ಲಿ ಇಳಿದದ್ದು 1.8 ಡಿಗ್ರಿ. ಏರಿಳಿತದ ಲೆಕ್ಕದಲ್ಲಿ 32ಕ್ಕೆ ಸ್ಥಾನವೇ ಇಲ್ಲ. ಆರಂಭ ಶಿಲ್ಕು ಎರಡು ಕಡೆಯೂ ಇದ್ದು ವಜಾ ಆಗಿಹೋಗುತ್ತದೆ.

ಸ್ವೀಡನ್ನಿನ ಸೆಲ್ಸಿಯಸ್ 1742ರಲ್ಲಿ ತನ್ನ ಮಾಪಕವನ್ನು ಸೂಚಿಸಿದಾಗ ನೀರು ಕುದಿಯುವುದನ್ನು ಸೊನ್ನೆಯೆಂದೂ, ಹೆಪ್ಪುಗಟ್ಟುವುದನ್ನು 100 ಎಂದೂ ಗುರುತಿಸಿದ್ದನು! ಬಿಸಿ ಹೆಚ್ಚಿದಂತೆ ಅಂಕಿ ಇಳಿಯುವ ಆ ಮಾಪಕ ಉಳಿದಿದ್ದರೆ ನಮ್ಮ ರೇಖೆ ಎಡದಿಂದ ಬಲಕ್ಕೆ ಕೆಳಗಿಳಿಯುತ್ತಿತ್ತು. ಅವನ ಮರಣಾನಂತರ ಅದನ್ನು ತಲೆಕೆಳಗು ಮಾಡಿದ್ದು ಜ್ವರ ಬಂದವರೆಲ್ಲರ ಪುಣ್ಯ.

ಮಗುವಿನ ತೂಕ, ಔಷಧದ ಅಳತೆ

ಸರಳರೇಖೆ ಅಡಿಗೆಮನೆಯ ಕಪಾಟಿನಲ್ಲಿಯೇ ಕುಳಿತಿರುತ್ತದೆ ಎಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ಜ್ವರಕ್ಕೆ ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಔಷಧದ ಪ್ರಮಾಣವನ್ನು ವೈದ್ಯರು ಮಗುವಿನ ತೂಕದ ಮೇಲೆ ನಿರ್ಧರಿಸುತ್ತಾರೆ: ಒಂದು ಸಲಕ್ಕೆ, ತೂಕದ ಪ್ರತಿ ಕಿಲೋಗ್ರಾಮಿಗೆ 10ರಿಂದ 15 ಮಿಲಿಗ್ರಾಂ. 15ರ ಲೆಕ್ಕದಲ್ಲಿ 8 ಕಿಲೋ ಮಗುವಿಗೆ 120 ಮಿಲಿಗ್ರಾಂ, 12 ಕಿಲೋ ಮಗುವಿಗೆ 180, 16 ಕಿಲೋ ಮಗುವಿಗೆ 240. ಇದು ಮೂಲಬಿಂದುವಿನಿಂದ ಹೊರಡುವ ನೇರ ಅನುಪಾತದ ರೇಖೆ.

ಆದರೆ ತಾಯಂದಿರು ಅಳೆಯುವುದು ಮಿಲಿಗ್ರಾಮನ್ನಲ್ಲ, ಬಾಟಲಿಯ ಮುಚ್ಚಳದಲ್ಲಿ ಮಿಲಿಲೀಟರನ್ನು. ಈ ಔಷಧ ಅಂಗಡಿಗಳಲ್ಲಿ ಒಂದೇ ಸಾಂದ್ರತೆಯಲ್ಲಿ ಸಿಗುವುದಿಲ್ಲ. ಒಂದು ಬಾಟಲಿಯಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ ಅಷ್ಟಕ್ಕೇ 250. ಶಿಶುಗಳಿಗೆಂದು ಮಾರುವ ಹನಿ ರೂಪದ ಪುಟ್ಟ ಸೀಸೆಯಲ್ಲಿ ಒಂದೇ ಮಿಲಿಲೀಟರಿಗೆ 100. ಮೂರನ್ನೂ ಒಂದೇ ಚೌಕಳಿ ಕಾಗದದ ಮೇಲೆ ಬರೆಯಿರಿ: ಅಡ್ಡಲಾಗಿ ಮಿಲಿಲೀಟರು, ಲಂಬವಾಗಿ ಮಿಲಿಗ್ರಾಂ. ಮೂಲಬಿಂದುವಿನಿಂದ ಹೊರಟ ಮೂರು ರೇಖೆಗಳು ಬೀಸಣಿಗೆಯ ಕಡ್ಡಿಗಳಂತೆ ಹರಡುತ್ತವೆ. ಒಂದು ಮಿಲಿಲೀಟರಿಗೆ 25, 50, 100 ಎಂಬುವು ಅವುಗಳ ಇಳಿಜಾರುಗಳು. 180 ಮಿಲಿಗ್ರಾಮಿನ ಎತ್ತರದಲ್ಲಿ ಅಡ್ಡಗೆರೆ ಎಳೆದರೆ ಅದು ಮೂರು ರೇಖೆಗಳನ್ನು 7.2, 3.6 ಮತ್ತು 1.8 ಮಿಲಿಲೀಟರುಗಳಲ್ಲಿ ಕತ್ತರಿಸುತ್ತದೆ. ಮೊದಲ ಬಾಟಲಿ ಮುಗಿಯಿತೆಂದು ಪುಟ್ಟ ಸೀಸೆಯನ್ನು ತಂದು, ಹಳೆಯ ಅಭ್ಯಾಸದಂತೆ 7.2 ಮಿಲಿಲೀಟರು ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋದದ್ದು 720 ಮಿಲಿಗ್ರಾಂ, ಕೊಡಬೇಕಾದುದರ ನಾಲ್ಕರಷ್ಟು. ಆದುದರಿಂದ “ಮಗುವಿಗೆ ಎಷ್ಟು ಚಮಚ?” ಎಂದು ವೈದ್ಯರನ್ನು ಕೇಳುವಾಗ ಬಾಟಲಿಯನ್ನೂ ಜೊತೆಗೆ ಒಯ್ದು ತೋರಿಸಬೇಕು, ಊರಿನಿಂದ ಬಂದ ಅಜ್ಜಿಯ ಕೈಗೆ ಬಾಟಲಿ ಕೊಡುವಾಗ ಮೇಲಿನ ಅಂಕಿಯನ್ನೂ ಓದಿ ಹೇಳಬೇಕು.

ಈ ರೇಖೆಗೂ ಕೊನೆಯುಂಟು. ತೂಕ ಹೆಚ್ಚಿದಂತೆ ಪ್ರಮಾಣ ಏರುತ್ತಲೇ ಹೋಗುವುದಿಲ್ಲ. ವಯಸ್ಕರ ಪ್ರಮಾಣವನ್ನು ಮುಟ್ಟಿದ ಮೇಲೆ ಅದು ಸಮತಲವಾಗುತ್ತದೆ. ವಯಸ್ಕರಿಗೆ ದಿನವೊಂದಕ್ಕೆ ಸಾಮಾನ್ಯವಾಗಿ ಹೇಳುವ ಮಿತಿ 4 ಗ್ರಾಂ; ಯಕೃತ್ತಿನ ತೊಂದರೆಯುಳ್ಳವರಿಗೂ ಮದ್ಯಪಾನಿಗಳಿಗೂ ಇನ್ನೂ ಕಡಿಮೆ. ಮಿತಿ ಮೀರಿದರೆ ಔಷಧವನ್ನು ನಿರಪಾಯಗೊಳಿಸುವ ಯಕೃತ್ತಿನ ಸಾಮರ್ಥ್ಯ ತುಂಬಿಹೋಗಿ, ವಿಷಕಾರಿಯಾದ ಅಂಶ ಉಳಿದು ಯಕೃತ್ತನ್ನೇ ಕೆಡಿಸುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಔಷಧದಲ್ಲಿ ಈ ಬಾಗುವಿಕೆ ಇನ್ನೂ ಸ್ಪಷ್ಟ. ಮಾತ್ರೆಯ ಪ್ರಮಾಣವನ್ನು ತುಸು ಏರಿಸಿದರೂ ರಕ್ತದಲ್ಲಿ ಅದರ ಮಟ್ಟ ಅನುಪಾತವನ್ನು ಮೀರಿ ಏರಬಲ್ಲದು. ಅರ್ಧ ಮಾತ್ರೆಯಿಂದ ಇಷ್ಟು ಗುಣವಾದರೆ ಒಂದು ಮಾತ್ರೆಯಿಂದ ಅದರ ಎರಡರಷ್ಟು ಎನ್ನುವ ನಮ್ಮವರ ತರ್ಕದ ಹಿಂದೆ ಇರುವುದು ಯಾರೂ ಎಳೆಯದ ಒಂದು ಸರಳರೇಖೆ.

ರೇಖೆಯನ್ನು ಮುಂದಕ್ಕೆ ಎಳೆಯುವ ಆಸೆ

ಕೈಯಲ್ಲಿ ಅಳತೆಪಟ್ಟಿ ಇದ್ದವರಿಗೆ ಕೊನೆಯ ಬಿಂದುವಿನಿಂದಾಚೆಗೂ ಗೆರೆಯನ್ನು ಎಳೆಯುವ ಆಸೆ ಹುಟ್ಟುತ್ತದೆ. ಕೆಲವೊಮ್ಮೆ ಇದರಿಂದ ಅದ್ಭುತವಾದ ಫಲ ದೊರೆತಿದೆ. ಅನಿಲದ ಗಾತ್ರ ಉಷ್ಣತೆಯೊಡನೆ ಸರಳರೇಖೆಯಲ್ಲಿ ಬದಲಾಗುವುದನ್ನು ಗೇ ಲುಸ್ಸಾಕ್ 1802ರಲ್ಲಿ ಪ್ರಕಟಿಸಿ, ತನಗಿಂತ ಮೊದಲು ಚಾರ್ಲ್ಸ್ ಅದನ್ನು ಕಂಡಿದ್ದನೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡನು. ಆ ರೇಖೆಯನ್ನು ಹಿಂದಕ್ಕೆ ಎಳೆದರೆ ಯಾವ ಅನಿಲವಾದರೂ ಸರಿಸುಮಾರು ಒಂದೇ ಸ್ಥಳದಲ್ಲಿ, ಸೊನ್ನೆಗಿಂತ 273.15 ಡಿಗ್ರಿ ಕೆಳಗೆ, ಅಡ್ಡ ಅಕ್ಷವನ್ನು ಮುಟ್ಟುತ್ತದೆ. ಅಲ್ಲಿಗೆ ತಲಪುವ ಮೊದಲೇ ಅನಿಲ ದ್ರವವಾಗುವುದಾದರೂ ಆ ಬಿಂದುವಿಗೆ ನಿಜವಾದ ಅರ್ಥವಿದೆ. ಕೆಲ್ವಿನ್ 1848ರಲ್ಲಿ ಪ್ರತಿಪಾದಿಸಿದ ನಿರಪೇಕ್ಷ ಮಾಪಕದ ಸೊನ್ನೆ ಅದೇ.

ಆದರೆ ಎಲ್ಲ ರೇಖೆಗಳಿಗೂ ಈ ಭಾಗ್ಯವಿಲ್ಲ. ಹುಟ್ಟುವಾಗ 3 ಕಿಲೋ ಇದ್ದ ಶಿಶು ಐದು ತಿಂಗಳಿಗೆ 6 ಕಿಲೋ ಆಗುವುದು ಸಾಮಾನ್ಯ. ತಿಂಗಳಿಗೆ 0.6 ಕಿಲೋ ಎಂಬ ಇಳಿಜಾರನ್ನು ಹಿಡಿದು ಮುಂದಕ್ಕೆ ಎಳೆದರೆ ಐದು ವರ್ಷಕ್ಕೆ 39 ಕಿಲೋ ಬರುತ್ತದೆ! ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡದಲ್ಲಿ ಐದು ವರ್ಷದ ಮಗುವಿನ ಮಧ್ಯಮ ತೂಕ ಸುಮಾರು 18 ಕಿಲೋ. ಮಗುವಿನ ಬೆಳವಣಿಗೆಯ ರೇಖೆ ಬಾಗುವುದೇ ಆರೋಗ್ಯ. ವರ್ಷ ತುಂಬಿದ ಮೇಲೆ “ಮೊದಲಿನಷ್ಟು ತೂಕ ಏರುತ್ತಿಲ್ಲ” ಎಂದು ಕಂಗಾಲಾಗಿ ಟಾನಿಕ್ಕುಗಳಿಗೆ ಹಣ ಸುರಿಯುವ ತಂದೆತಾಯಿಗಳು, ವೈದ್ಯರ ಬಳಿ ಇರುವ ಆ ಬಾಗಿದ ರೇಖೆಗಳ ಹಾಳೆಯ ಮೇಲೆ ತಮ್ಮ ಮಗುವಿನ ಬಿಂದುಗಳನ್ನು ಗುರುತಿಸಿ ನೋಡುವುದು ಲೇಸು.

ಬಡ್ಡಿಯ ವಿಷಯದಲ್ಲಿ ಇದು ವಿಪರೀತ. 10,000 ರೂಪಾಯಿಗೆ ನೂರಕ್ಕೆ 8ರಂತೆ ಸರಳಬಡ್ಡಿಯಾದರೆ ಹತ್ತು ವರ್ಷಕ್ಕೆ 18,000, ಇದು ಸರಳರೇಖೆ. ವರ್ಷಕ್ಕೊಮ್ಮೆ ಸೇರಿಸುವ ಚಕ್ರಬಡ್ಡಿಯಾದರೆ 21,589. ಮೊದಲ ವರ್ಷ ಎರಡೂ ಒಂದೇ, ಎರಡು ಮೂರು ವರ್ಷ ಕಣ್ಣಿಗೆ ಭೇದವೇ ಕಾಣದು. ಬಾಗಿದ ರೇಖೆಯ ಸಣ್ಣ ತುಣುಕು ಯಾವಾಗಲೂ ನೆಟ್ಟಗೆ ಕಾಣುತ್ತದೆ.

ರಕ್ತಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಈ ಎಚ್ಚರವನ್ನು ನಿತ್ಯವೂ ಪಾಲಿಸುತ್ತಾರೆ. ದ್ರಾವಣದ ಸಾಂದ್ರತೆ ಹೆಚ್ಚಿದಂತೆ ಅದರ ಬೆಳಕು ಹೀರುವಿಕೆಯ ಮಾನವೂ (ಅಬ್ಸಾರ್ಬೆನ್ಸ್) ಅದೇ ಅನುಪಾತದಲ್ಲಿ ಹೆಚ್ಚುವುದೆಂಬ, ಲ್ಯಾಂಬರ್ಟ್ ಮತ್ತು ಬಿಯರ್ ಹೆಸರಿನ ನಿಯಮವೊಂದಿದೆ. ರಕ್ತದ ಸಕ್ಕರೆ ಮೊದಲಾದವನ್ನು ಬಣ್ಣ ಬರಿಸಿ ಅಳೆಯುವ ಪರೀಕ್ಷೆಗಳು ನಿಂತಿರುವುದು ಆ ಸರಳರೇಖೆಯ ಮೇಲೆ. ಮಾದರಿಯ ಅಳತೆ ರೇಖೆಯ ವಿಶ್ವಾಸಾರ್ಹ ಭಾಗವನ್ನು ಮೀರಿದರೆ, ತಂತ್ರಜ್ಞರು ರೇಖೆಯನ್ನು ಊಹೆಯಿಂದ ಮುಂದುವರಿಸುವುದಿಲ್ಲ; ಮಾದರಿಯನ್ನು ತಿಳಿಗೊಳಿಸಿ, ರೇಖೆಯ ಮೇಲಕ್ಕೆ ಮರಳಿ ತಂದು ಅಳೆದು, ಬಂದ ಉತ್ತರವನ್ನು ಗುಣಿಸುತ್ತಾರೆ.

ಮಕ್ಕಳಿಗೊಂದು ಲೆಕ್ಕ

ಇಳಿಯುವ ರೇಖೆಯ ಅಭ್ಯಾಸಕ್ಕಾಗಿ ಒಂದು ಸಮಸ್ಯೆಯನ್ನು ಕೊಡುತ್ತೇನೆ. ಆಸ್ಪತ್ರೆಯಲ್ಲಿ ಬಂಧುವೊಬ್ಬರಿಗೆ ಬೆಳಿಗ್ಗೆ 8 ಗಂಟೆಗೆ 500 ಮಿಲಿಲೀಟರಿನ ಸಲೈನ್ ಬಾಟಲಿ ಹಚ್ಚಿದರು. 9 ಗಂಟೆಗೆ ಬಾಟಲಿಯಲ್ಲಿ 380, 10 ಗಂಟೆಗೆ 260 ಮಿಲಿಲೀಟರು ಉಳಿದಿತ್ತು. ಅಡ್ಡಲಾಗಿ ಗಂಟೆಗಳನ್ನೂ ಲಂಬವಾಗಿ ಉಳಿದ ಸಲೈನನ್ನೂ ಗುರುತಿಸಿ ರೇಖೆ ಎಳೆಯಿರಿ. ಇಳಿಜಾರು ಗಂಟೆಗೆ 120 ಮಿಲಿಲೀಟರು, ಇಳಿಯುತ್ತಿರುವುದರಿಂದ ಋಣ ಚಿಹ್ನೆ. ಹನಿಯ ವೇಗ ಬದಲಾಗದಿದ್ದರೆ ರೇಖೆ ಅಡ್ಡ ಅಕ್ಷವನ್ನು ಮುಟ್ಟುವುದು 12 ಗಂಟೆ 10 ನಿಮಿಷಕ್ಕೆ. ಬಾಟಲಿ ಬರಿದಾಗುವ ಮುನ್ನ ನರ್ಸಮ್ಮನವರಿಗೆ ತಿಳಿಸಲು ಪಕ್ಕದಲ್ಲಿ ಕುಳಿತವರು ಹನ್ನೆರಡಕ್ಕೆ ಸಿದ್ಧರಿರಬೇಕು. ಆದರೆ 11 ಗಂಟೆಗೆ ನೋಡಿದಾಗ 140ರ ಬದಲು 170 ಉಳಿದಿದ್ದರೆ? ಬಿಂದು ರೇಖೆಯ ಮೇಲೆ ನಿಂತಿದೆ, ಹನಿ ನಿಧಾನವಾಗಿದೆ. ರೋಗಿ ಕೈಮಡಿಸಿರಬಹುದು, ಕೊಳವೆ ಎಲ್ಲಿಯಾದರೂ ಒತ್ತಿಕೊಂಡಿರಬಹುದು, ಸೂಜಿಯ ಸುತ್ತ ಊತವೂ ಇರಬಹುದು. ಆಗ ಕೊಳವೆಯ ಗಾಲಿಯನ್ನು ತಾವೇ ತಿರುಗಿಸಹೋಗದೆ, ಒಡನೆ ನರ್ಸಮ್ಮನವರನ್ನು ಕರೆಯಬೇಕು.